ಬಾಂಡ್ ಲೆಕ್ಕದವ ಗೆಲಿಲಿಯೋನ ಲೆಕ್ಕ ಹಿಡಿದ!

"ಡಿಗ್ರಿ ಇಲ್ಲದವನ ಮಾತಿಗೆ ಏನ್ ಬೆಲೆ ಸ್ವಾಮಿ?" ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ನನಗೆ ಈ ಪ್ರಶ್ನೆ ಹಳೇದು. ಕೇಳುವವರಿಗೆ ಈಗ ಒಂದು ಉತ್ತರ ಇಟ್ಟುಕೊಂಡಿದ್ದೇನೆ: ಸ್ಟಿಲ್‌ಮನ್ ಡ್ರೇಕ್.

ಯಾರೀತ? 1910ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಹುಟ್ಟಿದವರು. ಓದಿದ್ದು ಬಿ.ಎ., ಅದೂ ತತ್ತ್ವಶಾಸ್ತ್ರ. ಹೊಟ್ಟೆಪಾಡಿಗೆ ಪುರಸಭೆಗಳ ಸಾಲಪತ್ರ, ಅಂದರೆ ಬಾಂಡ್ ವ್ಯವಹಾರಕ್ಕೆ ಸಲಹೆ ಹೇಳುವ ಕೆಲಸ. ಬಿಡುವಿನಲ್ಲಿ ಹಿಡಿದ ಹುಚ್ಚು ಗೆಲಿಲಿಯೋ. ಆತನ 'ಸಂವಾದ' ಗ್ರಂಥವನ್ನು ಇಂಗ್ಲಿಷಿಗೆ ತಂದರು. 1953ರಲ್ಲಿ ಅಚ್ಚಾದ ಆ ಪುಸ್ತಕಕ್ಕೆ ಮುನ್ನುಡಿ ಬರೆದದ್ದು ಸಾಕ್ಷಾತ್ ಐನ್‌ಸ್ಟೈನ್! 1967ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯ ಕರೆದು ಪ್ರೊಫೆಸರ್ ಕುರ್ಚಿ ಕೊಟ್ಟಿತು. ಪಿಎಚ್.ಡಿ.? ಇರಲಿಲ್ಲ.

ಆಗ ವಿಜ್ಞಾನದ ಇತಿಹಾಸ ಬರೆಯುವವರಲ್ಲಿ ಅಲೆಕ್ಸಾಂಡ್ರ್ ಕೊಯ್ರೆ ಅವರ ಮಾತಿಗೆ ಭಾರೀ ತೂಕ. ಇಳಿಜಾರು ಹಲಗೆಯ ಮೇಲೆ ಗುಂಡು ಉರುಳಿಸಿ ಗೆಲಿಲಿಯೋ ನಿಯಮ ಕಂಡುಕೊಂಡ ಅನ್ನೋದು ನಂಬುವಂಥದ್ದಲ್ಲ, ಸೆಕೆಂಡು ತೋರುವ ಗಡಿಯಾರವೇ ಇಲ್ಲದ ಕಾಲ, ಎಲ್ಲ ತಲೆಯಲ್ಲೇ ಮಾಡಿದ್ದು ಎಂಬ ವಾದ.

ಡ್ರೇಕ್ ಫ್ಲಾರೆನ್ಸಿನ ಗ್ರಂಥಾಲಯಕ್ಕೆ ಹೋಗಿ ಗೆಲಿಲಿಯೋನ ಕೈಬರಹದ ಹಾಳೆಗಳನ್ನೇ ಬಿಚ್ಚಿದರು. ಬರೀ ಅಂಕಿ, ಗೀಟು ಇದ್ದ ಎಷ್ಟೋ ಹಾಳೆಗಳನ್ನು ಹಿಂದಿನ ಸಂಪಾದಕರು ಅಚ್ಚಿಗೆ ಹಾಕಿರಲಿಲ್ಲ. ಒಂದರಲ್ಲಿ ಎಂಟು ಅಂಕಿ: 33, 130, 298, 526, 824, 1192, 1620, 2104. ಪಕ್ಕದಲ್ಲಿ 1, 4, 9, 16... ಹೊತ್ತು ಎರಡರಷ್ಟಾದರೆ ದೂರ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ಇದೇ ಆ ನಿಯಮ. ಈಗ 33ನ್ನು 4ರಿಂದ ಗುಣಿಸಿ ನೋಡಿ: 132. ಹಾಳೆಯಲ್ಲಿರೋದು 130! ತಲೆಯಲ್ಲೇ ಕಟ್ಟಿದ ಲೆಕ್ಕವಾದರೆ ಎರಡು ಕಡಿಮೆ ಯಾಕೆ ಬಂತು? ಇದು ಅಳೆದವನ ಲೆಕ್ಕ ಎಂದರು ಡ್ರೇಕ್.

ಹಾಗಾದ್ರೆ ಗಡಿಯಾರ? ಗೆಲಿಲಿಯೋನ ಅಪ್ಪ ಲ್ಯೂಟ್ ಎಂಬ ತಂತಿವಾದ್ಯ ನುಡಿಸುತ್ತಿದ್ದ ಸಂಗೀತಗಾರ. ಮಗನಿಗೂ ಆ ವಿದ್ಯೆ ಬರುತ್ತಿತ್ತು. ಹಲಗೆಗೆ ಅಡ್ಡಡ್ಡ ತಂತಿ ಕಟ್ಟಿ, ಹಾಡು ಹೇಳುತ್ತಾ, ಗುಂಡು ತಂತಿ ದಾಟುವ ಸದ್ದು ತಾಳಕ್ಕೆ ಕೂಡುವವರೆಗೆ ತಂತಿ ಸರಿಸಿ, ಆಮೇಲೆ ದೂರ ಅಳೆದಿರಬೇಕು ಎಂದು 1975ರಲ್ಲಿ ಡ್ರೇಕ್ ಬರೆದರು. ತಾವೇ ಹಾಡಿಕೊಂಡು ಮಾಡಿಯೂ ನೋಡಿದರು. ತಾಳದ ಮಾತನ್ನು ಎಲ್ಲರೂ ಒಪ್ಪಿಲ್ಲ. ಆದರೆ ಗೆಲಿಲಿಯೋ ಕೂತಲ್ಲೇ ಲೆಕ್ಕ ಕಟ್ಟಿದ ಅನ್ನೋ ಮಾತು ಆಮೇಲೆ ಗಟ್ಟಿಯಾಗಿ ನಿಲ್ಲಲಿಲ್ಲ.

1978ರಲ್ಲಿ 'ಗೆಲಿಲಿಯೋ ಅಟ್ ವರ್ಕ್' ಎಂಬ ಜೀವನಚರಿತ್ರೆ ಬಂತು. 1993ರಲ್ಲಿ ಡ್ರೇಕ್ ತೀರಿಕೊಂಡರು.

ಡಿಗ್ರಿ ಕೇಳುವವರಿಗೆ ನಾನೀಗ ಆ 132, 130ರ ಕತೆ ಹೇಳ್ತೀನಿ. ಟೀ ದುಡ್ಡು ಮಾತ್ರ ಅವರದೇ!