ಬಡಗಿ ಬರೆದಿಟ್ಟ ಮನೆ

ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಊರಿನ ದಕ್ಷಿಣಕ್ಕೆ ‘ಮೈರನ್ ಸ್ಟ್ರಾಟನ್ ಹೋಂ’ ಎಂಬ ಆಶ್ರಯಧಾಮವಿದೆ. ದಿಕ್ಕಿಲ್ಲದ ವೃದ್ಧರಿಗೂ ಮಕ್ಕಳಿಗೂ ಎಂದು 1913ರಲ್ಲಿ ಬಾಗಿಲು ತೆರೆದದ್ದು. ಮೈರನ್ ಎಂದರೆ ದುಡ್ಡು ಕೊಟ್ಟವನಲ್ಲ, ಕೊಟ್ಟವನ ಅಪ್ಪ. ಕೊಟ್ಟವನು ವಿನ್‌ಫೀಲ್ಡ್ ಸ್ಕಾಟ್ ಸ್ಟ್ರಾಟನ್, ಕಸುಬಿನಲ್ಲಿ ಬಡಗಿ.

ಊರಿನಲ್ಲಿ ಮರಗೆಲಸ ಮಾಡಿ ನಾಲ್ಕು ಕಾಸು ಕೂಡಿಸುವುದು, ಬೇಸಿಗೆ ಬಂದರೆ ಕತ್ತೆಯ ಮೇಲೆ ಗಂಟುಮೂಟೆ ಹೇರಿಕೊಂಡು ಚಿನ್ನ ಹುಡುಕಲು ಬೆಟ್ಟ ಹತ್ತುವುದು. ಹೀಗೇ 17 ವರ್ಷ ಕಳೆದವು. ನಡುವೆ ಊರಿನ ಕಾಲೇಜಿಗೆ ಹೋಗಿ ಅದಿರು ಪರೀಕ್ಷೆಯನ್ನೂ ಕಲಿತ. 1891ರ ಜುಲೈ 4ರಂದು, ಕ್ರಿಪಲ್ ಕ್ರೀಕ್ ಸೀಮೆಯ ಬ್ಯಾಟಲ್ ಬೆಟ್ಟದಲ್ಲಿ ಗಣಿಯ ಜಾಗಕ್ಕೆ ಗಡಿಗೂಟ ಹೊಡೆದ. ಅಂದು ಅಮೆರಿಕದ ಸ್ವಾತಂತ್ರ್ಯ ದಿನ. ಗಣಿಗೂ ‘ಇಂಡಿಪೆಂಡೆನ್ಸ್’ ಎಂದೇ ಹೆಸರಾಯಿತು. 1899ರಲ್ಲಿ ಲಂಡನ್ನಿನ ಕಂಪನಿಗೆ ಅದನ್ನು ಮಾರಿದ್ದು 1 ಕೋಟಿ ಡಾಲರಿಗೆ.

ಅವನ ದಾನಕ್ಕೆ ಬಡಗಿಯ ಕಣ್ಣಿತ್ತು ಎನ್ನಬೇಕು. ಊರಿನ ಟ್ರಾಮ್ ಮಾರ್ಗ ಕೊಂಡು ಹೊಸದಾಗಿ ಕಟ್ಟಿಸಿದ್ದು ದೊಡ್ಡ ಲೆಕ್ಕದ ಮಾತು. ನನಗೆ ಹಿಡಿಸುವುದು ಸೈಕಲ್ಲಿನ ಸುದ್ದಿ: ಊರಿನ ಬಟ್ಟೆ ಒಗೆಯುವ ಹೆಂಗಸರಿಗೆಲ್ಲ ಒಂದೊಂದು ಸೈಕಲ್ ಕೊಡಿಸಿದನಂತೆ. ಕ್ರಿಪಲ್ ಕ್ರೀಕ್‌ನಲ್ಲಿ ಮೊದಲು ಚಿನ್ನ ಕಂಡೂ ಬರಿಗೈಯಲ್ಲಿ ಉಳಿದ ಬಾಬ್ ವೊಮ್ಯಾಕ್‌ಗೆ 5,000 ಡಾಲರ್ ಕೊಟ್ಟ. ತಾನು ಮಾತ್ರ ಸಾದಾ ಮರದ ಮನೆಯಲ್ಲೇ ಇದ್ದ. ಜನರಿಂದ ದೂರವಾದ, ಕುಡಿತಕ್ಕೆ ಬಿದ್ದ. 1902ರಲ್ಲಿ 54ರ ವಯಸ್ಸಿಗೆ ತೀರಿಕೊಂಡ.

ಉಯಿಲು ಒಡೆದಾಗ ಊರಿನ ದೊಡ್ಡವರ ಮುಖ ಸಣ್ಣದಾಯಿತು. ಆಸ್ತಿಯ ಬಹುಪಾಲು ಬಡವರ ಆಶ್ರಯಧಾಮಕ್ಕೆ! ನಾಡಿನ ನಿರ್ಗತಿಕರೆಲ್ಲ ಇಲ್ಲಿಗೇ ಬಂದು ಬೀಳುತ್ತಾರೆ ಎಂಬ ಗೊಣಗಾಟ ಎದ್ದಿತು. 50,000 ಡಾಲರಷ್ಟೇ ಪಡೆದಿದ್ದ ಮಗ ಕೋರ್ಟಿಗೆ ಹೋದ; ಮೂರೂವರೆ ಲಕ್ಷಕ್ಕೆ ರಾಜಿಯಾಯಿತು. ತಾನೇ ಸ್ಟ್ರಾಟನ್‌ನ ಹೆಂಡತಿ ಎನ್ನುತ್ತ ಹೆಂಗಸರೂ ಬಂದರು. ಗಣಿ ಕೊಂಡ ಕಂಪನಿಯೂ ತನಗೆ ಮೋಸವಾಯಿತೆಂದು ದಾವೆ ಹೂಡಿ ಸೋತಿತು. ಅಪ್ಪನ ಹೆಸರಿನ ಮನೆ ಏಳಲು ಹನ್ನೊಂದು ವರ್ಷ ಹಿಡಿಯಿತು.

ಆದರೆ ಉಯಿಲಿನ ಒಂದು ಷರತ್ತು ಅಷ್ಟೂ ವರ್ಷ ಕಾಗದದಲ್ಲಿ ಭದ್ರವಾಗಿ ಕಾದಿತ್ತು. ಸರ್ಕಾರಿ ಖರ್ಚಿನಲ್ಲಿ ದರಿದ್ರರಿಗೆ ಹಾಕುವಂಥ ಊಟ, ತೊಡಿಸುವಂಥ ಬಟ್ಟೆ ಇಲ್ಲಿನವರಿಗೆ ಕೂಡದು. ಉಡುಪು ಮರ್ಯಾದೆಯದಾಗಿರಬೇಕು, ಊಟ ಒಳ್ಳೆಯದಾಗಿ ಹೊಟ್ಟೆ ತುಂಬ ಸಿಗಬೇಕು, ಕಾಯಿಲೆ ಬಿದ್ದರೆ ವೈದ್ಯರೂ ಆರೈಕೆಯೂ ಇರಬೇಕು ಎಂದು ಬರೆಸಿದ್ದ. ಇಂದಿಗೂ ಅಲ್ಲಿ ವೃದ್ಧರಿದ್ದಾರೆ.