ನೀರಿನ ಜಾಡಿನಲ್ಲಿ ಒಂದು ದಿನ: ನ್ಯಾಮತಿಯಿಂದ ದಾವಣಗೆರೆಯವರೆಗೆ

ಕೊರಿಯಾ ದೇಶದ ದಕ್ಷಿಣಕ್ಕೆ ಸಮುದ್ರದ ನಡುವೆ ಜೆಜು ಎಂಬ ದ್ವೀಪವಿದೆ. ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 73 ಕಿಲೋಮೀಟರ್, ಉತ್ತರದಿಂದ ದಕ್ಷಿಣಕ್ಕೆ ಸುಮಾರು 31 ಕಿಲೋಮೀಟರ್; ಒಂದೇ ದಿನದಲ್ಲಿ ಮೋಟಾರಿನಲ್ಲಿ ಸುತ್ತಿ ಬರಬಹುದಾದಷ್ಟು ವಿಸ್ತಾರ. ದ್ವೀಪದ ನಡುವೆ ಹಲ್ಲಾಸಾನ್ ಎಂಬ ಜ್ವಾಲಾಮುಖಿ ಪರ್ವತ ನಿಂತಿದೆ. ಪ್ರವಾಸಿಗಳು ಅಲ್ಲಿಯ ಕಪ್ಪು ಬಂಡೆಗಳನ್ನೂ ಲಾವಾ ಹರಿದು ಉಂಟಾದ ಗುಹೆಗಳನ್ನೂ ನೋಡುತ್ತಾರೆ. ದಾರಿಯಲ್ಲಿ ಕಿರುಧಾನ್ಯದ ಕಡುಬನ್ನೂ ಕಡಲಿನ ಚಿಪ್ಪುಜೀವಿಗಳನ್ನು ಹಾಕಿ ಬೇಯಿಸಿದ ಗಂಜಿಯನ್ನೂ ಉಣ್ಣುತ್ತಾರೆ. ನೋಟವೊಂದು, ಊಟವೊಂದು ಎಂದು ಅವರು ಭಾವಿಸುವುದು ಸಹಜ. ಆದರೆ ಸ್ವಲ್ಪ ಯೋಚಿಸಿದರೆ ಇವೆರಡೂ ಒಂದೇ ಕಾರಣದ ಫಲಗಳೆಂದು ತಿಳಿಯುತ್ತದೆ.

ಜೆಜುವಿನಲ್ಲಿ ಮಳೆಗೆ ಕೊರತೆಯಿಲ್ಲ. ಆದರೂ ಅಲ್ಲಿಯ ಹಳ್ಳಗಳು ವರ್ಷದ ಬಹುಭಾಗ ಒಣಗಿರುತ್ತವೆ. ಅಲ್ಲಿಯ ಬಸಾಲ್ಟ್ ಶಿಲೆ ಬಿರುಕುಗಳಿಂದಲೂ ರಂಧ್ರಗಳಿಂದಲೂ ತುಂಬಿದ್ದು, ಬಿದ್ದ ನೀರು ಅದರೊಳಕ್ಕೆ ಇಳಿದುಹೋಗುತ್ತದೆ. ಕೊನೆಗೆ ಕಡಲಂಚಿನಲ್ಲಿ ಚಿಲುಮೆಗಳಾಗಿ ಹೊರಬೀಳುತ್ತದೆ. ಆದುದರಿಂದಲೇ ಹಳೆಯ ಊರುಗಳು ಚಿಲುಮೆಗಳ ಸುತ್ತ, ಕರಾವಳಿಯಲ್ಲಿ ಬೆಳೆದವು. ನೀರು ನಿಲ್ಲದ ನೆಲದಲ್ಲಿ ಭತ್ತ ಬೆಳೆಯುವುದು ಕಷ್ಟ. ಜನ ಕಿರುಧಾನ್ಯವನ್ನೂ ಬಾರ್ಲಿಯನ್ನೂ ನೆಚ್ಚಿ ಬದುಕಿದರು. ಅಂದರೆ, ಕಲ್ಲು ನೀರನ್ನು ನಡೆಸಿಕೊಂಡ ರೀತಿಯೇ ತಟ್ಟೆಯ ಮೇಲಿನ ಅನ್ನವನ್ನು ನಿರ್ಧರಿಸಿತು.

ಈ ಸೂತ್ರವನ್ನು ಪರೀಕ್ಷಿಸಲು ನಾವು ಕಡಲು ದಾಟಬೇಕಾಗಿಲ್ಲ. ದಾವಣಗೆರೆ ಜಿಲ್ಲೆಯ ನ್ಯಾಮತಿಯಿಂದ ಬೆಳಗ್ಗೆ ಹೊರಟು, ನೋಡುತ್ತ ಉಣ್ಣುತ್ತ ಸಂಜೆಗೆ ದಾವಣಗೆರೆಯನ್ನು ಸೇರಿದರೆ ಸಾಕು.

ಬೆಳಗಿನ ಉಪಾಹಾರ: ಉಬ್ಬಿದ ಅಕ್ಕಿ

ನ್ಯಾಮತಿ ಮಲೆನಾಡಿಗೂ ಬಯಲುಸೀಮೆಗೂ ನಡುವಣ ಊರು. ಹಿಂದೆ ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದ ಇದು ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರ. ಹೊನ್ನಾಳಿ, ಚನ್ನಗಿರಿಗಳೊಡನೆ ಈ ಸೀಮೆಯೂ 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿಯೇ ಇತ್ತು.

ಈ ಕಡೆಯ ಬೆಳಗು ಮಂಡಕ್ಕಿಯ ಒಗ್ಗರಣೆಯಿಂದ ಆರಂಭವಾಗುವುದುಂಟು. ಪಕ್ಕದಲ್ಲಿ ಬಿಸಿಬಿಸಿಯಾದ ಮೆಣಸಿನಕಾಯಿ ಬಜ್ಜಿ. ಹಗುರವಾದ ಈ ಮಂಡಕ್ಕಿಯಲ್ಲಿ ಎಷ್ಟು ಭೌತವಿಜ್ಞಾನ ಅಡಗಿದೆಯೆಂಬುದನ್ನು ಗಮನಿಸಿರಿ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆಯುತ್ತಾರೆ. ಬೆಂದಾಗ ಅಕ್ಕಿಯ ಪಿಷ್ಟದ ಕಣಗಳು ನೀರು ಕುಡಿದು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಒಣಗಿದ ಮೇಲೆ ಕಾಳು ಗಾಜಿನಂತೆ ಗಟ್ಟಿಯಾಗುತ್ತದೆ. ಆದರೆ ಅದರೊಳಗೆ ಅಲ್ಪಸ್ವಲ್ಪ ತೇವ ಉಳಿದೇ ಇರುತ್ತದೆ. ಉಪ್ಪುನೀರು ಸೋಕಿಸಿದ ಈ ಅಕ್ಕಿಯನ್ನು ಭಟ್ಟಿಯಲ್ಲಿ ಕೆಂಡದಂತೆ ಕಾದ ಮರಳಿಗೆ ಹಾಕಿದೊಡನೆ ಒಳಗಿನ ನೀರು ಆವಿಯಾಗುತ್ತದೆ, ಗಾಜಿನಂತಿದ್ದ ಪಿಷ್ಟ ಮೆದುವಾಗುತ್ತದೆ. ಹೊರಬರಲು ದಾರಿಯಿಲ್ಲದ ಆವಿ ಕಾಳನ್ನು ಎಲ್ಲ ಕಡೆಗೂ ಉಬ್ಬಿಸುತ್ತದೆ. ಕೆಲವೇ ಕ್ಷಣಗಳಲ್ಲಿ ಕೆಲಸ ಮುಗಿಯಿತು.

ಮರಳೇಕೆ ಬೇಕು? ಬಾಣಲೆಯ ತಳಕ್ಕೆ ಕಾಳಿನ ಒಂದು ಮಗ್ಗುಲು ಮಾತ್ರ ತಾಗುತ್ತದೆ. ಮರಳಾದರೋ ಸುತ್ತಲೂ ಮುತ್ತಿಕೊಂಡು ಒಮ್ಮೆಲೇ ಶಾಖ ಕೊಡುತ್ತದೆ. ನಿಧಾನವಾಗಿ ಕಾಯಿಸಿದರೆ ತೇವವು ಸದ್ದಿಲ್ಲದೆ ಸೋರಿಹೋಗಿ, ಕಾಳು ಹುರಿದುಹೋಗುವುದೇ ಹೊರತು ಅರಳುವುದಿಲ್ಲ.

ಜೆಜುವಿನ ಕಲ್ಲಿನಲ್ಲಿರುವ ತೂತುಗಳ ಕಥೆಯೂ ಇದಕ್ಕೆ ಬಲು ಹತ್ತಿರದ್ದು. ಭೂಗರ್ಭದ ಕರಗಿದ ಶಿಲೆಯಲ್ಲಿ ನೀರಾವಿಯೂ ಇತರ ಅನಿಲಗಳೂ ಬೆರೆತಿರುತ್ತವೆ. ಶಿಲಾರಸ ಮೇಲೇರಿದಂತೆ ಒತ್ತಡ ತಗ್ಗಿ ಅವು ಗುಳ್ಳೆಗಳಾಗುತ್ತವೆ. ರಸ ಹೆಪ್ಪುಗಟ್ಟಿದಾಗ ಗುಳ್ಳೆಯ ಜಾಗ ತೂತಾಗಿ ಉಳಿಯುತ್ತದೆ. ಒಂದರ್ಥದಲ್ಲಿ ಅದು ನಿಸರ್ಗದ ಭಟ್ಟಿಯಲ್ಲಿ ಅರಳಿದ ಕಲ್ಲು.

ತೀರ್ಥರಾಮೇಶ್ವರ: ಬಂಡೆಯೊಳಗಿನ ಕೊಡ

ಉಪಾಹಾರದ ತರುವಾಯ ಬೆಳಗುತ್ತಿಯ ಕಡೆಗೆ ಹೊರಡೋಣ. ಒಂದು ಕಾಲಕ್ಕೆ ಸಿಂದ ಮನೆತನದ ಮಾಂಡಲಿಕರು ಆಳಿದ ಊರಿದು. ಇದರ ಸಮೀಪದ ಬೆಟ್ಟದಲ್ಲಿ ತೀರ್ಥರಾಮೇಶ್ವರ ಕ್ಷೇತ್ರವಿದೆ. ರಾಮನು ಬಾಣ ಹೂಡಿ ಇಲ್ಲಿ ನೀರನ್ನು ಚಿಮ್ಮಿಸಿದನೆಂಬುದು ಜನರ ನಂಬಿಕೆ. ಸುತ್ತ ಬೇಸಿಗೆ ಸುಡುತ್ತಿರುವಾಗಲೂ ಇಲ್ಲಿಯ ತೀರ್ಥ ಹರಿಯುತ್ತಲೇ ಇರುವುದನ್ನು ಕಂಡವರಿಗೆ ಅಂಥ ಕಥೆ ಹುಟ್ಟಿದುದು ಆಶ್ಚರ್ಯವೆನಿಸದು.

ನಮ್ಮ ಸೀಮೆಯ ಶಿಲೆ ಜೆಜುವಿನ ಶಿಲೆಯಂತಲ್ಲ. ಜೆಜು ಹುಟ್ಟತೊಡಗಿದುದು ಸುಮಾರು 18 ಲಕ್ಷ ವರ್ಷಗಳ ಹಿಂದೆ; ಕ್ರಿ. ಶ. 1002 ಮತ್ತು 1007ರಲ್ಲಿಯೂ ಅಲ್ಲಿ ಜ್ವಾಲಾಮುಖಿ ಕೆರಳಿದುದು ಚರಿತ್ರೆಯಲ್ಲಿ ದಾಖಲಾಗಿದೆ. ನ್ಯಾಮತಿ-ಹೊನ್ನಾಳಿಗಳ ಸುತ್ತಣ ಶಿಲೆಗಳಾದರೋ ಧಾರವಾಡ ಶಿಲಾವರ್ಗಕ್ಕೂ ಅದರ ನೆರೆಯ ನೈಸ್ ಶಿಲೆಗೂ ಸೇರಿದವು. 250 ಕೋಟಿ ವರ್ಷಗಳಿಗಿಂತಲೂ ಹಳೆಯವು. ಇವುಗಳಲ್ಲಿ ಕಣ್ಣಿಗೆ ಕಾಣುವ ರಂಧ್ರಗಳಿಲ್ಲ. ಹಾಗಾದರೆ ನೀರು ಎಲ್ಲಿ ಸಂಗ್ರಹವಾಗುತ್ತದೆ?

ಬಿಸಿಲು ಮಳೆಗಳಿಗೆ ಸಿಕ್ಕಿ ಶಿಥಿಲವಾದ ಮೇಲುಪದರದಲ್ಲಿ ಮತ್ತು ಅದರ ಕೆಳಗಿನ ಸೀಳುಗಳಲ್ಲಿ. ಬೆಟ್ಟದ ಕಾಡು ಮಳೆಯ ಹೊಡೆತವನ್ನು ತಡೆದು, ಉದುರಿದ ಎಲೆಗಳ ಹಾಸಿನ ಮೂಲಕ ನೀರನ್ನು ಮೆಲ್ಲಗೆ ಇಳಿಯಬಿಡುತ್ತದೆ. ಇಳಿದ ನೀರು ಗಟ್ಟಿ ಬಂಡೆ ಅಡ್ಡಬಂದಲ್ಲಿ ಪಕ್ಕಕ್ಕೆ ಸರಿದು, ಇಳಿಜಾರಿನಲ್ಲಿ ಸೀಳು ಬಾಯ್ದೆರೆದ ಕಡೆ ಚಿಲುಮೆಯಾಗುತ್ತದೆ. ಸೀಳುಗಳು ಕಿರಿದಾದಷ್ಟೂ ನೀರಿನ ನಡಿಗೆ ನಿಧಾನ. ಆದುದರಿಂದ ಮುಂಗಾರಿನಲ್ಲಿ ಬಿದ್ದ ಮಳೆ ಬೇಸಿಗೆಯಲ್ಲಿಯೂ ಸ್ವಲ್ಪಸ್ವಲ್ಪವಾಗಿ ಹೊರಬರುತ್ತಿರುತ್ತದೆ. ಚಿಲುಮೆಯ ನೀರು ಬೇಸಿಗೆಯಲ್ಲಿ ತಣ್ಣಗೆ, ಚಳಿಗಾಲದಲ್ಲಿ ಬೆಚ್ಚಗೆ ತೋರುವುದಕ್ಕೂ ಕಾರಣವಿದೆ. ನೆಲದಾಳದಲ್ಲಿ ಉಷ್ಣತೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಬದಲಾಗುವುದು ನಮ್ಮ ಸುತ್ತಣ ಗಾಳಿ. ಬೆಟ್ಟದ ಮೇಲಣ ಕಾಡು ಹೋದರೆ ಮಳೆ ಬಿದ್ದ ದಿನವೇ ಹರಿದುಹೋದೀತು. ಬಂಡೆಯ ಕೊಡ ತುಂಬುವುದಕ್ಕೆ ವ್ಯವಧಾನವಿರದು.

ಹೊನ್ನಾಳಿ: ಹೊಳೆ ಮತ್ತು ಹೊನ್ನು

ನ್ಯಾಮತಿಗೆ ಮರಳಿ ಹೆದ್ದಾರಿ ಹಿಡಿದರೆ ತುಂಗಭದ್ರೆಯ ಎಡದಂಡೆಯ ಮೇಲಿರುವ ಹೊನ್ನಾಳಿ ಸಿಗುತ್ತದೆ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಒಟ್ಟಿಗೆ ಹುಟ್ಟಿ, ಬೇರೆಬೇರೆ ದಾರಿ ಹಿಡಿದ ತುಂಗೆ ಭದ್ರೆಯರು ಕೂಡಲಿಯಲ್ಲಿ ಸೇರಿ ಒಂದಾಗಿ ಇಲ್ಲಿಗೆ ಬರುತ್ತಾರೆ.

ಹೊನ್ನಾಳಿಯ ಆಸುಪಾಸಿನ ಪಾಲವನಹಳ್ಳಿ, ಕುದುರೆಕೊಂಡ ಮುಂತಾದ ಕಡೆ ಚಿನ್ನದ ಸುಳಿವು ಹಿಂದಿನಿಂದ ತಿಳಿದುದೇ. ಈ ಚಿನ್ನವನ್ನು ಶಿಲೆಗೆ ತಂದುದೂ ನೀರೇ ಎಂದರೆ ನಂಬುವಿರಾ? ಕೋಟಿಗಟ್ಟಲೆ ವರ್ಷಗಳ ಹಿಂದೆ ಭೂಮಿಯ ಆಳದಲ್ಲಿ, ಬಹಳ ಒತ್ತಡದಲ್ಲಿ ಕಾದ ನೀರು ಶಿಲೆಗಳ ಬಿರುಕುಗಳಲ್ಲಿ ಹರಿಯಿತು. ಗಂಧಕ ಬೆರೆತ ಆ ನೀರಿನಲ್ಲಿ ಚಿನ್ನ ಅತ್ಯಲ್ಪ ಪ್ರಮಾಣದಲ್ಲಿ ಕರಗಿತ್ತು. ಒತ್ತಡವೂ ರಾಸಾಯನಿಕ ಸ್ಥಿತಿಯೂ ಬದಲಾದೆಡೆ ಬೆಣಚುಕಲ್ಲಿನೊಡನೆ ಚಿನ್ನ ಕೂತಿತು. ಬೆಣಚಿನ ಎಳೆಗಳನ್ನು ಹಿಡಿದೇ ಗಣಿಗಾರ ಹೊನ್ನನ್ನು ಹುಡುಕುವುದು ಈ ಕಾರಣದಿಂದ.

ಮಧ್ಯಾಹ್ನದ ಊಟಕ್ಕೆ ಇಲ್ಲಿ ಜೋಳದ ರೊಟ್ಟಿಯೂ ಉಂಟು, ಅನ್ನವೂ ಉಂಟು. ಮಳೆಯನ್ನೇ ನಂಬಿದ ಎತ್ತರದ ಹೊಲ ಜೋಳ, ಮೆಕ್ಕೆಜೋಳಗಳದು. ಹೊಳೆ ಮತ್ತು ನಾಲೆಯ ನೀರುಂಡ ತಗ್ಗಿನ ಗದ್ದೆ ಭತ್ತದ್ದು. ಒಂದೇ ಊಟದೆಲೆಯಲ್ಲಿ ಎರಡು ಬಗೆಯ ನೆಲಗಳು ಕೂತಿವೆ! ರೊಟ್ಟಿ ತಟ್ಟುವ ತಾಯಿ ಹಿಟ್ಟಿಗೆ ಕುದಿಯುವ ನೀರನ್ನೇ ಸುರಿಯುವುದೇಕೆಂಬುದನ್ನೂ ಗಮನಿಸಿರಿ. ಗೋದಿಯ ಹಿಟ್ಟನ್ನು ಹಿಡಿದಿಡುವ ಅಂಟಾದ ಗ್ಲೂಟೆನ್ ಜೋಳದಲ್ಲಿಲ್ಲ. ಬಿಸಿನೀರು ಪಿಷ್ಟದ ಒಂದಂಶವನ್ನು ಬೇಯಿಸಿ ಅಂಟಾಗಿಸುತ್ತದೆ. ಅದರ ಬಲದಿಂದ ರೊಟ್ಟಿ ಹರಿಯದೆ ಅಗಲವಾಗುತ್ತದೆ.

ಸೂಳೆಕೆರೆ: ಮನುಷ್ಯ ಕಟ್ಟಿದ ಸಮುದ್ರ

ಸೇತುವೆಯನ್ನು ದಾಟಿ ಪೂರ್ವಕ್ಕೆ ನಡೆದರೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಎಂದರೆ ಶಾಂತಿಸಾಗರ, ಕಣ್ಣ ಮುಂದೆ ಹರಡಿಕೊಳ್ಳುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಶಾಂತವ್ವೆಯೆಂಬ ರಾಜಪುತ್ರಿ ಇದನ್ನು ಕಟ್ಟಿಸಿದಳೆಂದು ಪ್ರತೀತಿ. ನೀರಿನ ಹರವು ಸುಮಾರು 27 ಚದರ ಕಿಲೋಮೀಟರ್. ಕೆರೆಗೆ ನೀರುಣಿಸುವ ಪ್ರದೇಶ ಸುಮಾರು 330 ಚದರ ಕಿಲೋಮೀಟರ್. ಇಷ್ಟು ದೊಡ್ಡ ಕೆರೆಯ ಏರಿಯಾದರೋ ಅರ್ಧ ಕಿಲೋಮೀಟರಿನಷ್ಟೂ ಇಲ್ಲ!

ಇಲ್ಲಿಯೇ ಆ ಕಾಲದವರ ಜಾಣ್ಮೆಯಿರುವುದು. ಹರಿದ್ರಾ ಹಳ್ಳ ಎರಡು ಗುಡ್ಡಗಳ ನಡುವಣ ಇಕ್ಕಟ್ಟಿನಲ್ಲಿ ನುಸುಳುವೆಡೆಯನ್ನು ಅವರು ಆರಿಸಿಕೊಂಡರು. ಮಿಕ್ಕ ಗೋಡೆಯನ್ನು ಬೆಟ್ಟಗಳೇ ಒದಗಿಸಿದವು. ಇಷ್ಟೊಂದು ನೀರನ್ನು ಈ ಪುಟ್ಟ ಏರಿ ಹೇಗೆ ತಡೆದೀತೆಂದು ವಿದ್ಯಾರ್ಥಿಗಳು ಕೇಳಬಹುದು. ಉತ್ತರ ಭೌತವಿಜ್ಞಾನದ ಪಠ್ಯದಲ್ಲಿಯೇ ಇದೆ: ನಿಂತ ನೀರಿನ ಒತ್ತಡ ಅದರ ಆಳವನ್ನು ಅವಲಂಬಿಸಿದೆ, ಹರವನ್ನಲ್ಲ. ಏರಿಯ ಹಿಂದೆ ನೀರು ಹತ್ತು ಗಜ ಹಬ್ಬಿರಲಿ, ಹತ್ತು ಮೈಲಿ ಹಬ್ಬಿರಲಿ, ಆಳ ಒಂದೇ ಆದರೆ ಒತ್ತಡವೂ ಒಂದೇ. ಆಳ ಹೆಚ್ಚಿದಂತೆ ಒತ್ತಡ ಹೆಚ್ಚುವುದರಿಂದ ಏರಿಯ ಬುಡ ಅಗಲವಾಗಿರಬೇಕು. ಈ ಏರಿ ಭಾರಿ ಅಗಲವುಳ್ಳದ್ದೇ ಆಗಿದೆ. ಸಿದ್ದ ನಾಲೆ, ಬಸವ ನಾಲೆ ಎಂಬೆರಡು ಕಾಲುವೆಗಳು ಇಲ್ಲಿಂದ ಗದ್ದೆ ತೋಟಗಳಿಗೆ ನೀರೊಯ್ಯುತ್ತವೆ. ಚಿತ್ರದುರ್ಗದಂಥ ದೂರದ ಊರಿಗೂ ಕುಡಿಯುವ ನೀರು ಇಲ್ಲಿಂದ ಹೋಗಿದೆ.

ಏರಿ ಶತಮಾನಗಳ ಪ್ರವಾಹವನ್ನು ಎದುರಿಸಿ ನಿಂತಿದೆ. ಕೆರೆಗಿರುವ ಗಂಡಾಂತರ ಬೇರೆ ಕಡೆಯಿಂದ ಬಂದಿದೆ: ಅದು ಹೂಳು. ಮೇಲಿನ ಇಳಿಜಾರುಗಳಲ್ಲಿ ಗಿಡಮರ ಹೋಗಿ ನೆಲ ಬಯಲಾದಷ್ಟೂ ಮಳೆಯ ನೀರು ಮಣ್ಣನ್ನು ಹೊತ್ತು ತರುತ್ತದೆ. ಹರಿವ ನೀರು ಕೆರೆಯಲ್ಲಿ ನಿಂತೊಡನೆ ಹೊರುವ ಶಕ್ತಿ ಕುಗ್ಗಿ ಮಣ್ಣು ತಳಕ್ಕಿಳಿಯುತ್ತದೆ. ಅಂಚಿನಲ್ಲಿ ಹೂಳು ತುಂಬಿ ನೆಲ ಮೇಲೆದ್ದರೆ, ಅಲ್ಲಿ ಉಳುಮೆಯ ಆಸೆಯೂ ತಲೆಯೆತ್ತುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. 27 ಚದರ ಕಿಲೋಮೀಟರ್ ತಳದ ಮೇಲೆ ಕೇವಲ ಒಂದು ಸೆಂಟಿಮೀಟರ್ ದಪ್ಪದ ಹೂಳು ಕೂತಿತೆನ್ನಿ. ಅದರ ಗಾತ್ರ 2,70,000 ಘನಮೀಟರ್. ಅಂದರೆ 27 ಕೋಟಿ ಲೀಟರ್ ನೀರಿನ ಜಾಗ ಹೋಯಿತು. ಒಬ್ಬರಿಗೆ ದಿನಕ್ಕೆ 135 ಲೀಟರಿನಂತೆ ಇದು 20 ಲಕ್ಷ ಜನರ ಒಂದು ದಿನದ ನೀರು. ಬೆರಳಿನ ದಪ್ಪವೂ ಇಲ್ಲದ ಮಣ್ಣು ಮಾಡುವ ಅನರ್ಥವಿದು! ಹೂಳನ್ನು ತೋಡಿ ತೆಗೆಯುವುದು ಚಿಕಿತ್ಸೆ. ಮೇಲಿನ ಇಳಿಜಾರಿನಲ್ಲಿ ಬದು ಹಾಕಿ, ಹುಲ್ಲು ಗಿಡ ಬೆಳೆಸಿ ಮಣ್ಣನ್ನು ಅಲ್ಲಿಯೇ ಹಿಡಿಯುವುದು ಪಥ್ಯ. ಪಥ್ಯವಿಲ್ಲದ ಚಿಕಿತ್ಸೆ ಎಷ್ಟು ದಿನ ನಡೆದೀತು?

ಸಂತೇಬೆನ್ನೂರು: ಕೊಳದೊಳಗಿನ ದ್ವೀಪ

ಇಲ್ಲಿಂದ ಮುಂದೆ ಸಂತೇಬೆನ್ನೂರು. ಹದಿನಾರನೆಯ ಶತಮಾನದಲ್ಲಿ ಪಾಳೆಯಗಾರ ಹನುಮಪ್ಪನಾಯಕ ಕಟ್ಟಿಸಿದ ಪುಷ್ಕರಣಿಯ ನಡುವೆ ವಸಂತಮಂಟಪ ನೀರಿನಿಂದ ಮೇಲೆದ್ದು ನಿಂತಿದೆ. ನಮ್ಮ ಪಯಣಕ್ಕೆ ದ್ವೀಪವೊಂದು ಬೇಕಿದ್ದರೆ ಇದೇ ಅದು. ಪಕ್ಕದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನ ಕಾಲದ ಮುಸಾಫಿರಖಾನೆ.

ನಾಲ್ಕು ಕಡೆಯ ಮೆಟ್ಟಿಲುಗಳು ಬರಿಯ ಶೃಂಗಾರವಲ್ಲ. ಮಳೆಗಾಲದಲ್ಲಿ ನೀರು ಮೇಲಿನ ಮೆಟ್ಟಿಲಿಗೆ ಬರುತ್ತದೆ, ಬೇಸಿಗೆಯಲ್ಲಿ ಕೆಳಗಿಳಿಯುತ್ತದೆ. ಯಾವ ಋತುವಿನಲ್ಲಿಯೂ ನೀರಿನ ಅಂಚಿಗೆ ಕಾಲಿಡಲು ಮೆಟ್ಟಿಲು ಸಿದ್ಧವಾಗಿರುತ್ತದೆ. ಹಂತಹಂತವಾಗಿ ಹಿಂದಕ್ಕೆ ಸರಿದ ಕಟ್ಟಡವು ದಂಡೆಯ ಮಣ್ಣಿನ ಒತ್ತಡವನ್ನು ನೆಟ್ಟನೆಯ ಗೋಡೆಗಿಂತ ಸುಲಭವಾಗಿ ತಾಳಿಕೊಳ್ಳುತ್ತದೆ.

ದಾವಣಗೆರೆ: ದೋಸೆಯ ಕಣ್ಣುಗಳು

ದೀಪ ಹಚ್ಚುವ ಹೊತ್ತಿಗೆ ದಾವಣಗೆರೆ. ಇಲ್ಲಿಗೆ ಬಂದು ಬೆಣ್ಣೆದೋಸೆ ತಿನ್ನದೆ ಹೋಗುವುದುಂಟೆ? ನೆನೆಸಿದ ಅಕ್ಕಿ ಮತ್ತು ಉದ್ದಿನೊಡನೆ ಮಂಡಕ್ಕಿಯನ್ನೂ ಸೇರಿಸಿ ರುಬ್ಬಿಡುವ ರೂಢಿಯುಂಟು. ರಾತ್ರಿಯಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು ಹಿಟ್ಟಿನ ಸಕ್ಕರೆಯನ್ನುಂಡು ಆಮ್ಲವನ್ನೂ ಕಾರ್ಬನ್ ಡೈ ಆಕ್ಸೈಡ್ ಅನಿಲವನ್ನೂ ಬಿಡುತ್ತವೆ. ಆಮ್ಲದಿಂದ ಹುಳಿ, ಅನಿಲದಿಂದ ಉಬ್ಬು. ಉದ್ದಿನ ಲೋಳೆ ಅನಿಲವನ್ನು ಹೊರಬಿಡದೆ ಹಿಡಿದಿಡುತ್ತದೆ. ಕಾದ ಕಾವಲಿಯ ಮೇಲೆ ಹುಯ್ದಾಗ ಗುಳ್ಳೆಗಳು ಹಿಗ್ಗಿ ಒಡೆದು ದೋಸೆಗೆ ಸಾವಿರ ಕಣ್ಣು ಮೂಡುತ್ತದೆ. ಬೆಣ್ಣೆ ಕರಗಿ ಆ ಕಣ್ಣುಗಳಿಗೇ ಇಳಿಯುತ್ತದೆ. ಬೆಳಗ್ಗೆ ಮಂಡಕ್ಕಿಯಲ್ಲಿ ಆವಿ ಮಾಡಿದ ಕೆಲಸವನ್ನು ಸಂಜೆ ಇಲ್ಲಿ ಜೀವಾಣುಗಳು ಮಾಡಿವೆ.

ಆದರೆ ಮಂಡಕ್ಕಿಗೂ ದೋಸೆಗೂ ಮೂಲವಾದ ಭತ್ತ ಈ ಬಯಲುಸೀಮೆಯ ಮಳೆಯಿಂದಷ್ಟೇ ಬೆಳೆದುದಲ್ಲ. ಅದರ ಹಿಂದೆ ಭದ್ರಾ ಜಲಾಶಯದ ನಾಲೆಗಳಿವೆ, ಸೂಳೆಕೆರೆಯಂಥ ಕೆರೆಗಳಿವೆ. ಜೆಜುವಿನ ಜನರಿಗೆ ನೀರನ್ನು ಹಿಡಿದಿಡುವ ನೆಲ ದೊರೆಯಲಿಲ್ಲ. ನಮಗೆ ಅದು ದೊರೆಯಿತು, ನೀರನ್ನು ನಿಲ್ಲಿಸುವ ವಿದ್ಯೆಯೂ ದೊರೆಯಿತು. ಶಿಲೆ ಮಾಡಿದ್ದನ್ನು ಬದಲಿಸಲು ಯಾರಿಂದಲೂ ಆಗದು. ಕೆರೆಯಾದರೋ ಮನುಷ್ಯರು ಕಟ್ಟಿದ್ದು. ಅದು ತುಂಬಿರುವುದೂ ಹೂತುಹೋಗುವುದೂ ಮನುಷ್ಯರ ಕೈಯಲ್ಲಿಯೇ ಇದೆ. ಮುಂದಿನ ಮಳೆಗಾಲದಲ್ಲಿ ನಿಮ್ಮ ಊರಿನ ಕೆರೆಗೆ ಬಂದು ಬೀಳುವ ನೀರನ್ನು ಒಂದು ಗಾಜಿನ ಲೋಟದಲ್ಲಿ ಹಿಡಿದು ರಾತ್ರಿಯಿಡೀ ಅಲುಗಿಸದೆ ಇಡಿರಿ. ಮರುದಿನ ತಳದಲ್ಲಿ ಕೂತ ಮಣ್ಣನ್ನು ಅಳತೆಪಟ್ಟಿಯಿಂದ ಅಳೆದು ಬರೆದಿಡಿರಿ. ಕೆರೆಯ ಆಯುಸ್ಸಿನ ಲೆಕ್ಕ ಅಲ್ಲಿಂದಲೇ ಆರಂಭವಾಗುತ್ತದೆ.