ಯಂತ್ರಕ್ಕೆ ಸೆನ್ಸರ್ ಬಂತು, ಆಪರೇಟರ್‌ಗೆ ಏನು ಬಂತು?

ಪುಣೆ ಸಮೀಪದ ಚಾಕಣ್ ಕೈಗಾರಿಕಾ ಪ್ರದೇಶದಲ್ಲಿ ಈಗ ‘ಡಿಜಿಟಲ್ ಪರಿವರ್ತನೆ’ಯದೇ ಮಾತು. ಯಂತ್ರಕ್ಕೆ ಸೆನ್ಸರ್, ಗೋಡೆಗೆ ಡ್ಯಾಶ್‌ಬೋರ್ಡ್, ಆಪರೇಟರ್ ಕೈಗೆ ಟ್ಯಾಬ್. ಇಂಥ ಸಾಫ್ಟ್‌ವೇರ್ ಬರೆಯುವುದೇ ನನ್ನ ಕೆಲಸ. ಯಂತ್ರದಿಂದ ಮಾಹಿತಿ ಪಡೆಯುವುದು ಈಗ ಅಷ್ಟು ಕಷ್ಟವಲ್ಲ. ಮನುಷ್ಯನಿಂದ ನಿಜ ಮಾಹಿತಿ ಪಡೆಯುವುದೇ ಕಷ್ಟ.

ವಾಹನ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಹಳೆಯ ವ್ಯವಸ್ಥೆಯನ್ನು ಸುಧಾರಿಸುವ ಹೊಣೆ ನಮ್ಮ ತಂಡಕ್ಕೆ ಬಂದಿತ್ತು. ಯಂತ್ರ ನಿಂತಾಗಲೆಲ್ಲ ಆಪರೇಟರ್ ಟ್ಯಾಬ್‌ನಲ್ಲಿ ಕಾರಣ ಒತ್ತಬೇಕು. ಪಟ್ಟಿಯಲ್ಲಿ ನಲವತ್ತು ಕಾರಣ, ಎಲ್ಲವೂ ಇಂಗ್ಲಿಷಿನಲ್ಲಿ. ಕೈಯಲ್ಲೋ ಎಣ್ಣೆ ಮೆತ್ತಿದ ಗ್ಲೌಸ್. ಹಾಗಾಗಿ ಹೆಚ್ಚಿನ ನಮೂದೆಲ್ಲ ‘ಅದರ್ಸ್’!

ವಿಜಯಪುರ ಕಡೆಯ ಹಿರಿಯ ಆಪರೇಟರ್ ಒಬ್ಬರು ಕನ್ನಡ ಕೇಳಿದ್ದೇ ಮನಸ್ಸು ಬಿಚ್ಚಿದರು: ‘ಖರೇ ಕಾರಣ ಒತ್ತಿದ್ರ ನನ್ನ ಹೆಸರಿನ ಮುಂದ ಕೆಂಪು ಬರ್ತೈತ್ರಿ ಸರ. ಅದರ್ಸ್ ಒತ್ತಿದ್ರ ಯಾರೂ ಕೇಳಂಗಿಲ್ರಿ.’

ಸಮಸ್ಯೆ ಭಾಷೆಯದಷ್ಟೇ ಅಲ್ಲ, ಭಯದ್ದು. ಕಾರಣಗಳನ್ನು ಎಂಟಕ್ಕೆ ಇಳಿಸಿ, ದೊಡ್ಡ ಬಟನ್, ಚಿತ್ರ, ಮರಾಠಿ–ಹಿಂದಿ ಹಾಕಿದೆವು. ಡ್ಯಾಶ್‌ಬೋರ್ಡ್‌ನಿಂದ ಹೆಸರು ತೆಗೆಸಲು ಮಾತ್ರ ಆಡಳಿತ ವರ್ಗದೊಂದಿಗೆ ಮೂರು ಸಭೆ ಬೇಕಾದವು. ಆಮೇಲೆ ನಿಜ ಹೊರಬಿತ್ತು. ಹೆಚ್ಚು ಹೊತ್ತು ಹಾಳಾಗುತ್ತಿದ್ದುದು ಸ್ಟೋರ್‌ನಿಂದ ಟೂಲ್ ಬರುವುದು ತಡವಾಗಿ, ಆಪರೇಟರ್‌ನ ಸೋಮಾರಿತನದಿಂದಲ್ಲ.

ಇದೇನೂ ಹೊಸ ಪಾಠವಲ್ಲ. ಜಪಾನಿನ ಸಕಿಚಿ ಟೊಯೊಡಾ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗ, ನೂಲು ತುಂಡಾದರೆ ತಾನೇ ನಿಲ್ಲುತ್ತಿತ್ತು. ಆ ಚಿಂತನೆ ಟೊಯೊಟಾದಲ್ಲಿ ‘ಜಿಡೋಕಾ’ ಎಂಬ ತತ್ವವಾಯಿತು. ಅಲ್ಲಿ ದೋಷ ಕಂಡ ಕಾರ್ಮಿಕ ‘ಆಂಡಾನ್’ ಹಗ್ಗ ಎಳೆದರೆ ತಂಡದ ನಾಯಕ ನೆರವಿಗೆ ಬರುತ್ತಾನೆ. ಬಗೆಹರಿಯದಿದ್ದರೆ ಲೈನ್ ನಿಲ್ಲುತ್ತದೆ. ಹಗ್ಗ ಸರಳ ತಂತ್ರಜ್ಞಾನ. ಎಳೆದವನನ್ನು ಬೈಯದಿರುವುದೇ ಅದರ ಜೀವ.

2011ರಲ್ಲಿ ಜರ್ಮನಿಯ ಹ್ಯಾನೋವರ್ ಮೇಳದಲ್ಲಿ ‘ಇಂಡಸ್ಟ್ರಿ 4.0’ ಘೋಷಣೆ ಕೇಳಿಬಂತು. ಹತ್ತೇ ವರ್ಷದಲ್ಲಿ, 2021ರಲ್ಲಿ, ಯುರೋಪಿಯನ್ ಕಮಿಷನ್ ‘ಇಂಡಸ್ಟ್ರಿ 5.0’ ಎಂದು ಮನುಷ್ಯನನ್ನು ಕೇಂದ್ರಕ್ಕೆ ತರುವ ಮಾತಾಡಿತು.

ಚೆನ್ನೈ, ಹೈದರಾಬಾದ್, ಗುರುಗ್ರಾಮದಲ್ಲಿ ಇಂಥದೇ ಕೆಲಸದಲ್ಲಿರುವ ಕನ್ನಡಿಗರಿಗೆ ನನ್ನದೊಂದು ಸಲಹೆ. ಕೋಡ್ ಬರೆಯುವ ಮುನ್ನ ಒಂದು ಪೂರ್ತಿ ಶಿಫ್ಟ್ ಯಂತ್ರದ ಪಕ್ಕ ನಿಲ್ಲಿ, ರಾತ್ರಿ ಪಾಳಿಯಾದರೆ ಇನ್ನೂ ಒಳ್ಳೆಯದು. ಈ ಮಾಹಿತಿ ಯಾರ ಕೈ ಸೇರುತ್ತದೆ, ಯಾರ ಸಂಬಳಕ್ಕೆ ತಾಗುತ್ತದೆ ಎಂದು ಮೊದಲೇ ಕೇಳಿ. ಪ್ರಾಜೆಕ್ಟ್‌ನ ಮೊದಲ ಸಭೆಗೆ ಗುತ್ತಿಗೆ ಕಾರ್ಮಿಕರೊಬ್ಬರನ್ನೂ ಕರೆಸಿ, ಆ ಹೊತ್ತಿನ ಕೂಲಿ ಕಡಿತವಾಗದಂತೆ ನೋಡಿಕೊಳ್ಳಿ.